ನೀರು ತಂಗುವ ಠಾವು: ಕರ್ನಾಟಕ ಮತ್ತು ವಾಷಿಂಗ್ಟನ್‌ಗಳ ಹೋಲಿಕೆಯ ಮೀಮಾಂಸೆ

ವಿಷಯ

ದೂರದ ಎರಡು ನಾಡುಗಳ ಹವೆಯನ್ನೂ ನೆಲವನ್ನೂ ಹೋಲಿಸುವಾಗ ಯಾವುದನ್ನು ಅಳತೆಗೋಲಾಗಿ ಹಿಡಿಯಬೇಕು ಎಂಬುದು ಇಲ್ಲಿನ ವಿಚಾರ. ಬರಿಯ ತತ್ತ್ವವಾಗಿ ಚರ್ಚಿಸಿದರೆ ಮಾತು ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಒಂದು ಜೋಡಿಯನ್ನು ಎದುರಿಗಿಟ್ಟುಕೊಳ್ಳೋಣ: ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯ. ಅಮೆರಿಕದ ರಾಜಧಾನಿಯಾದ ವಾಷಿಂಗ್ಟನ್ ನಗರ ಖಂಡದ ಮತ್ತೊಂದು ಅಂಚಿನಲ್ಲಿದೆ. ಅದರ ಮಾತು ಇಲ್ಲಿಲ್ಲ.

ಈ ಜೋಡಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಸಾಫ್ಟ್‌ವೇರ್ ಉದ್ಯೋಗದ ಹಾದಿಯಲ್ಲಿ ಬೆಂಗಳೂರಿನಿಂದ ಆ ರಾಜ್ಯದ ಸಿಯಾಟಲ್, ರೆಡ್‌ಮಂಡ್, ಬೆಲ್‌ವ್ಯೂಗಳಿಗೆ ಹೋಗಿ ನೆಲೆಸಿದ ಕನ್ನಡದ ಮನೆಗಳು ಬಹಳ. ಅವರೂ ಇಲ್ಲಿರುವ ಅವರ ತಂದೆತಾಯಿಗಳೂ ಫೋನಿನಲ್ಲಿ ಎರಡೂ ಊರಿನ ಮಳೆ-ಚಳಿಗಳನ್ನು ನಿತ್ಯ ತೂಗಿ ನೋಡುತ್ತಾರೆ. ಆದರೆ ಹೋಲಿಕೆಗೆ ಇದಕ್ಕಿಂತ ಹಳೆಯ ಆಧಾರವಿರುವುದು ನೆಲದಲ್ಲಿಯೇ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ.; ವಾಷಿಂಗ್ಟನ್ನಿನದು ಸುಮಾರು 1,84,700. ಎರಡಕ್ಕೂ ಪಶ್ಚಿಮದಲ್ಲಿ ಸಮುದ್ರ. ಎರಡರಲ್ಲೂ ಕರಾವಳಿಗೆ ಸಮಾಂತರವಾಗಿ ಉತ್ತರ-ದಕ್ಷಿಣಕ್ಕೆ ಚಾಚಿದ ಬೆಟ್ಟದ ಗೋಡೆ. ಗೋಡೆಯ ಬೆನ್ನಿಗೆ ಮಳೆ ನೆರಳಿನ ಸೀಮೆ. ಅದರಾಚೆ, ಕರ್ನಾಟಕದಲ್ಲಾದರೆ ಬಡಗಣ ಭಾಗದಲ್ಲಿ ಮಾತ್ರ, ಪುರಾತನ ಲಾವಾ ಹರಿದು ಹಾಸಿದ ಬಸಾಲ್ಟ್ ಶಿಲೆಯ ಪ್ರಸ್ಥಭೂಮಿ. ಕರಾವಳಿ, ಮಲೆನಾಡು, ಬಯಲುಸೀಮೆ ಎಂಬ ನಮ್ಮ ಸರಣಿಯನ್ನು ಬಲ್ಲವರಿಗೆ ಒಲಿಂಪಿಕ್ ಕರಾವಳಿ, ಕ್ಯಾಸ್ಕೇಡ್ ಪರ್ವತ, ಕೊಲಂಬಿಯಾ ಪ್ರಸ್ಥಭೂಮಿ ಎಂಬ ಅಲ್ಲಿನ ಸರಣಿ ಬೇಗ ಅರ್ಥವಾಗುತ್ತದೆ.

ಸಂಶಯ

ಇಷ್ಟೆಲ್ಲ ಸಾಮ್ಯ ಕಂಡಾಗ ಸಂಶಯ ಹುಟ್ಟುತ್ತದೆ. ಇದು ನಕಾಶೆಯ ಮೇಲೆ ಮಾತ್ರ ಕಾಣುವ ಸಾಮ್ಯವೋ, ಅಲ್ಲಿನ ಮತ್ತು ಇಲ್ಲಿನ ಬದುಕನ್ನು ರೂಪಿಸುವ ಸಾಮ್ಯವೋ? ಒಂದು ನಾಡನ್ನು ನೋಡಿ ಇನ್ನೊಂದರ ಬಗ್ಗೆ ಏನಾದರೂ ಕಲಿಯಬಹುದೋ, ಇಲ್ಲವೋ?

ಪೂರ್ವಪಕ್ಷ

ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳಿವೆ, ಒಂದಕ್ಕೊಂದು ವಿರುದ್ಧವಾಗಿ.

ಮೊದಲನೆಯದು ಸರಾಸರಿಯನ್ನು ನಂಬುವವರ ಪಕ್ಷ. ಬೆಂಗಳೂರಿನ ವಾರ್ಷಿಕ ಮಳೆ 1,000 ಮಿ.ಮೀ. ಆಸುಪಾಸು, ಸಿಯಾಟಲ್ಲಿನದೂ ಅಷ್ಟೇ. ಎರಡೂ ಊರು ತಂಪು ಹವೆಗೆ ಹೆಸರಾದವು. ಆದ್ದರಿಂದ ಎರಡೂ ಒಂದೇ ಬಗೆಯವು ಎನ್ನುತ್ತಾರೆ ಇವರು. ಅಂಕಿ ಸುಳ್ಳಲ್ಲ.

ಎರಡನೆಯದು ಅಕ್ಷಾಂಶವನ್ನು ನಂಬುವವರ ಪಕ್ಷ. ಕರ್ನಾಟಕ ಇರುವುದು ಉತ್ತರ ಅಕ್ಷಾಂಶ 11.5ರಿಂದ 18.5 ಡಿಗ್ರಿಯ ನಡುವೆ, ಉಷ್ಣವಲಯದಲ್ಲಿ. ವಾಷಿಂಗ್ಟನ್ ಇರುವುದು 45.5ರಿಂದ 49 ಡಿಗ್ರಿಯ ನಡುವೆ. ಅಲ್ಲಿ ಜೂನ್ ತಿಂಗಳ ಹಗಲು ಹದಿನಾರು ಗಂಟೆ, ಡಿಸೆಂಬರಿನ ಹಗಲು ಎಂಟೂವರೆ ಗಂಟೆ. ಅಲ್ಲಿನ ಯಾಕಿಮಾ ಪಟ್ಟಣದಲ್ಲಿ ಜನವರಿಯ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ವಿಜಯಪುರದಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಸೂರ್ಯನ ಲೆಕ್ಕವೇ ಬೇರೆಯಾದ ಮೇಲೆ ಹೋಲಿಸುವುದು ವ್ಯರ್ಥ ಎಂಬುದು ಇವರ ವಾದ. ಇದೂ ತಳ್ಳಿಹಾಕುವ ಮಾತಲ್ಲ.

ಸಿದ್ಧಾಂತ

ನಮ್ಮ ಸಿದ್ಧಾಂತ ಇದು: ಒಂದು ನಾಡನ್ನು ಅರಿಯಲು ಅಲ್ಲಿನ ನೀರನ್ನು ಮೂರು ಪ್ರಶ್ನೆ ಕೇಳಬೇಕು. ಯಾವಾಗ ಬರುತ್ತೀಯೆ? ಎಲ್ಲಿ ತಂಗುತ್ತೀಯೆ? ಯಾವಾಗ ಹೊರಡುತ್ತೀಯೆ? ಈ ಮೂರರಲ್ಲಿ ನಡುವಿನ ಪ್ರಶ್ನೆಯೇ ಪ್ರಧಾನ. ವಾರ್ಷಿಕ ಮೊತ್ತ ಮೂರಕ್ಕೂ ಉತ್ತರಿಸದು, ಅಕ್ಷಾಂಶ ಅರ್ಧ ಉತ್ತರಿಸುತ್ತದೆ. ಮಳೆ ಬೀಳುವ ಕಾಲಕ್ಕೂ ಬೆಳೆಗೆ, ಬಾಯಿಗೆ ನೀರು ಬೇಕಾದ ಕಾಲಕ್ಕೂ ನಡುವೆ ಇರುವ ತಿಂಗಳುಗಳನ್ನು ಯಾವ ತಂಗುದಾಣ ತುಂಬುತ್ತದೆ ಎಂಬುದೇ ನಾಡುನಾಡಿನ ನಿಜವಾದ ಸಾಮ್ಯ ಮತ್ತು ಭೇದ.

ಮೊದಲು ನೀರಿನ ಬರುವಿಕೆಯನ್ನು ನೋಡೋಣ. ಎರಡೂ ಕಡೆ ನಡೆಯುವ ಭೌತಕ್ರಿಯೆ ಒಂದೇ. ಕಡಲಿನ ಮೇಲಿಂದ ಬಂದ ತೇವದ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಏರುತ್ತ ಹಿಗ್ಗಿ ತಣಿಯುತ್ತದೆ, ತಣಿದ ಮೇಲೆ ತನ್ನಲ್ಲಿದ್ದ ಆವಿಯನ್ನು ಹೊರಲಾರದೆ ಸುರಿಸಿಬಿಡುತ್ತದೆ. ಆಚೆ ಇಳಿಯುವಾಗ ಅದೇ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ ಒಣಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿದ ಮಳೆ, ಅಲ್ಲಿಂದ ನೇರ ಗೆರೆಯಲ್ಲಿ 160 ಕಿ.ಮೀ. ಆಚೆಯ ಚಿತ್ರದುರ್ಗದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ವಾಷಿಂಗ್ಟನ್ನಿನಲ್ಲಿ ಒಲಿಂಪಿಕ್ ಬೆಟ್ಟಗಳ ಪಶ್ಚಿಮಕ್ಕಿರುವ ಹೋ ಮಳೆಕಾಡಿನಲ್ಲಿ ಸುಮಾರು 3,500 ಮಿ.ಮೀ.; ಅದೇ ಬೆಟ್ಟದ ಈಶಾನ್ಯದ ನೆರಳಿನಲ್ಲಿ, 70 ಕಿ.ಮೀ. ಒಳಗೇ ಇರುವ ಸ್ಕ್ವಿಮ್ ಎಂಬ ಊರಿನಲ್ಲಿ 400 ಮಿ.ಮೀ. ಮಾತ್ರ. ಪಾಚಿ ಹೊದ್ದ ಮಳೆಕಾಡಿಗೆ ಇಷ್ಟು ಹತ್ತಿರವಿದ್ದೂ ಸ್ಕ್ವಿಮ್ಮಿನ ರೈತರು 1895ರಲ್ಲಿ ಹೊಳೆಯಿಂದ ನೀರಾವರಿ ಕಾಲುವೆ ತೋಡಿಕೊಳ್ಳಬೇಕಾಯಿತು.

ಕ್ರಿಯೆ ಒಂದೇ, ಕಾಲ ಮಾತ್ರ ತದ್ವಿರುದ್ಧ. ನಮ್ಮಲ್ಲಿ ಬೇಸಿಗೆಯಲ್ಲಿ ಏಷ್ಯಾದ ನೆಲ ಕಾದು, ಸಮಭಾಜಕದ ದಕ್ಷಿಣದಿಂದ ಹೊರಟ ಗಾಳಿ ಅರಬ್ಬೀ ಸಮುದ್ರದ ಮೇಲೆ ನೈಋತ್ಯಕ್ಕೆ ತಿರುಗಿ ಜೂನ್ ಮೊದಲ ವಾರದ ಸುಮಾರಿಗೆ ಕರಾವಳಿ ಮುಟ್ಟುತ್ತದೆ. ವಾಷಿಂಗ್ಟನ್ನಿನಲ್ಲಿ ಬೇಸಿಗೆ ಬಂತೆಂದರೆ ಶಾಂತಸಾಗರದ ಮೇಲಿನ ಅಧಿಕ ಒತ್ತಡದ ವಲಯ ಉತ್ತರಕ್ಕೆ ಸರಿದು ಬಿರುಗಾಳಿಗಳಿಗೆ ಅಡ್ಡ ನಿಲ್ಲುತ್ತದೆ. ಚಳಿಗಾಲದಲ್ಲಿ ಅದು ದಕ್ಷಿಣಕ್ಕೆ ಜಾರಿದಾಗ ಪಶ್ಚಿಮ ಮಾರುತಗಳು ಒಂದರ ಹಿಂದೊಂದು ತೂಫಾನನ್ನು ಹೊತ್ತು ತರುತ್ತವೆ. ಹವಾಯಿಯ ಕಡೆಯಿಂದ ಬೆಚ್ಚನೆಯ ಆವಿಯ ಹೊಳೆಯೇ ಹರಿದು ಬರುವುದೂ ಉಂಟು. ಅದನ್ನು ಅಲ್ಲಿನವರು ಪೈನಾಪಲ್ ಎಕ್ಸ್‌ಪ್ರೆಸ್ ಎನ್ನುತ್ತಾರೆ. ಹೀಗಾಗಿ ಸಿಯಾಟಲ್ಲಿನ ನವೆಂಬರ್ ಸುಮಾರು 160 ಮಿ.ಮೀ. ಸುರಿಸಿದರೆ ಜುಲೈ 20 ಮಿ.ಮೀ.ಯನ್ನೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ತಿಂಗಳದ್ದೇ ಮೇಲುಗೈ. ಜನವರಿ, ಫೆಬ್ರವರಿ ಒಣಒಣ. ಅಲ್ಲಿ ವರ್ಷದ 150ರಷ್ಟು ದಿನ ಸಣ್ಣಗೆ ಜಿನುಗುವ ನೀರು ಇಲ್ಲಿ ಅದಕ್ಕಿಂತ ಬಹಳ ಕಡಿಮೆ ದಿನಗಳ ಗುಡುಗುಮಳೆಯಲ್ಲಿ ಸುರಿದು ಮುಗಿಯುತ್ತದೆ. ಸರಾಸರಿ ಪಕ್ಷದವರ ಸಮ ಅಂಕಿ ಇಲ್ಲಿಗೆ ಬಿದ್ದುಹೋಗುತ್ತದೆ.

ಇನ್ನು ತಂಗುದಾಣ. ಕ್ಯಾಸ್ಕೇಡ್ ಶ್ರೇಣಿಯ ಅತಿ ಎತ್ತರದ ಶಿಖರ ಮೌಂಟ್ ರೇನಿಯರ್ 4,392 ಮೀಟರ್. ಕರ್ನಾಟಕದ ಮುಳ್ಳಯ್ಯನಗಿರಿ 1,925 ಮೀಟರ್. ಎತ್ತರವೂ ಅಕ್ಷಾಂಶವೂ ಸೇರಿ ಅಲ್ಲಿನ ಚಳಿಗಾಲದ ಮಳೆಯ ದೊಡ್ಡ ಪಾಲನ್ನು ಹಿಮವಾಗಿಸುತ್ತವೆ. ಮೌಂಟ್ ಬೇಕರ್‌ನಲ್ಲಿ 1998-99ರ ಒಂದೇ ಋತುವಿನಲ್ಲಿ 1,140 ಅಂಗುಲ, ಅಂದರೆ ಸುಮಾರು 29 ಮೀಟರ್ ಹಿಮ ಬಿತ್ತು. ಅದು ಜಗತ್ತಿನ ದಾಖಲೆ. ನವೆಂಬರಿನಲ್ಲಿ ಬಿದ್ದದ್ದು ಏಪ್ರಿಲ್ ತನಕ ಬೆಟ್ಟದ ಮೇಲೆಯೇ ಕೂತಿರುತ್ತದೆ, ಬೇಸಿಗೆ ಬಂದಂತೆ ಕರಗಿ ಇಳಿಯುತ್ತದೆ. ಯಾಕಿಮಾ ಪಟ್ಟಣದ ವಾರ್ಷಿಕ ಮಳೆ 200 ಮಿ.ಮೀ. ಸುಮಾರು, ಹಾಗಿದ್ದೂ ಕರಗಿ ಇಳಿದ ಈ ಹಿಮದ ನೀರಿನಿಂದ ಯಾಕಿಮಾ ಕಣಿವೆ ಸೇಬು, ಚೆರ್ರಿ, ಹಾಪ್ಸ್ ಬೆಳೆಗಳಿಗೆ ಹೆಸರುವಾಸಿ. ಮೈಸೂರು-ಮಂಡ್ಯದ ಜನ ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿತೇ ಎಂದು ಪತ್ರಿಕೆಯಲ್ಲಿ ನೋಡುವ ಹಾಗೆಯೇ ಯಾಕಿಮಾದ ರೈತ ಏಪ್ರಿಲ್ 1ರ ಹಿಮದ ಅಳತೆ ನೋಡುತ್ತಾನೆ.

ಸಹ್ಯಾದ್ರಿಗೆ ಹಿಮವಿಲ್ಲ. ಇಲ್ಲಿ ಬಿದ್ದ ನೀರಿಗೆ ತಂಗಲು ಇರುವುದು ಶೋಲೆ ಕಾಡು ಮತ್ತು ಹುಲ್ಲುಗಾವಲಿನ ಮಣ್ಣು, ಬಯಲುಸೀಮೆಯ ಕೆರೆ, ಗ್ರಾನೈಟ್-ನೈಸ್ ಶಿಲೆಯ ಬಿರುಕು, ಬಡಗಣ ಕರ್ನಾಟಕದ ಎರೆಮಣ್ಣು. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವ ಸರಣಿ, ಚನ್ನಗಿರಿಯ ಸೂಳೆಕೆರೆಯಂಥ ವಿಸ್ತಾರದ ಜಲರಾಶಿ, ಮೂವತ್ತು ಸಾವಿರ ಮೀರಿದ ಊರೂರ ಕೆರೆಗಳು ಹುಟ್ಟಿದ್ದು ಈ ಕೊರತೆಯಿಂದ. ಅಲ್ಲಿ ತಂಗುದಾಣವನ್ನು ಚಳಿ ಪ್ರತಿವರ್ಷ ಪುಕ್ಕಟೆಯಾಗಿ ಕಟ್ಟಿಕೊಡುತ್ತದೆ. ಇಲ್ಲಿ ಅದನ್ನು ಕಾಡು ಮತ್ತು ಮಣ್ಣು ಕಾಯಬೇಕು, ಮನುಷ್ಯ ಕಟ್ಟಬೇಕು, ಹೂಳೆತ್ತಬೇಕು. ಎರಡು ನಾಡುಗಳ ನಡುವಿನ ಅತಿ ದೊಡ್ಡ ಭೇದ ನನಗೆ ಕಾಣುವುದು ಇಲ್ಲಿಯೇ.

ಆದರೆ ಇದೇ ಪ್ರಶ್ನೆಯನ್ನು ಹಿಡಿದು ಹೊಲಕ್ಕಿಳಿದರೆ ಅತಿ ದೊಡ್ಡ ಸಾಮ್ಯವೂ ಎದುರಾಗುತ್ತದೆ. ವಿಜಯಪುರದ ಎರೆಹೊಲವನ್ನು ಹತ್ತಿರದಿಂದ ನೋಡಿ. ದಖ್ಖನ್ನಿನ ಬಸಾಲ್ಟ್ ಸವೆದು ಆದ ಆ ಕಪ್ಪು ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರೆ 150ರಿಂದ 200 ಮಿ.ಮೀ. ನೀರನ್ನು ಬೆಳೆಗೆ ದಕ್ಕುವಂತೆ ಹಿಡಿದಿಡಬಲ್ಲದು. ಹಲವು ರೈತರು ಮುಂಗಾರಿನಲ್ಲಿ ಅಂಥ ಹೊಲದಲ್ಲಿ ಬಿತ್ತುವುದೇ ಇಲ್ಲ. ಮಳೆ ಬಿದ್ದಾಗಲೆಲ್ಲ ಕುಂಟೆ ಹೊಡೆದು ಹರಗುತ್ತಾರೆ, ಕಳೆ ತೆಗೆಯುತ್ತಾರೆ, ಒಡ್ಡಿನೊಳಗೆ ನೀರು ಇಂಗಿಸುತ್ತಾರೆ. ಉತ್ತರಿ, ಹಸ್ತದ ಹದ ನೋಡಿ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತಿದರೆ ಮುಂದೆ ಮಳೆ ಬರುವ ಭರವಸೆ ಕಡಿಮೆ. ಬೆಳೆ ಬೆಳೆಯುವುದು ಮಣ್ಣಿನೊಳಗೆ ಕೂಡಿಟ್ಟ ನೀರಿನ ಮೇಲೆ. ಬಿರುಕು ಬಿಟ್ಟಲ್ಲಿ ಬೇರು ಹರಿಯದಂತೆ ಸಾಲಿನ ನಡುವೆ ಎಡೆ ಹೊಡೆದು, ಮೇಲಿನ ಮಣ್ಣನ್ನು ಪುಡಿ ಮಾಡಿ ಬಿರುಕಿನ ಬಾಯಿ ಮುಚ್ಚುತ್ತಾರೆ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಎದೆಮಟ್ಟ ನಿಂತಿರುವ ಜೋಳ ಸೆಪ್ಟೆಂಬರಿನ ನೀರನ್ನು ಡಿಸೆಂಬರಿನಲ್ಲಿ ಕುಡಿಯುತ್ತಿರುತ್ತದೆ.

ಈಗ ಕೊಲಂಬಿಯಾ ಪ್ರಸ್ಥಭೂಮಿಗೆ ಬನ್ನಿ. ಅಲ್ಲಿಯೂ ತಳದಲ್ಲಿ ಬಸಾಲ್ಟ್. ಅದರ ಮೇಲೆ ಹಿಮಯುಗದಲ್ಲಿ ಗಾಳಿ ತಂದು ಹಾಸಿದ ನಯವಾದ ಮಣ್ಣು, ಪಲೂಸ್ ದಿಣ್ಣೆಗಳಲ್ಲಿ ಕೆಲವೆಡೆ ಹತ್ತಾರು ಮೀಟರ್ ದಪ್ಪ. ಚಳಿಗಾಲದ ಮಳೆ-ಹಿಮ ಆ ಮಣ್ಣಿಗೆ ಇಳಿಯುತ್ತದೆ; ಶರತ್ಕಾಲದಲ್ಲಿ ಬಿತ್ತಿದ ಗೋಧಿ ಮಳೆಯಿಲ್ಲದ ಬೇಸಿಗೆಯಲ್ಲಿ ಕಾಳು ತುಂಬಿ ಜುಲೈ-ಆಗಸ್ಟಿನಲ್ಲಿ ಕೊಯ್ಲಿಗೆ ಬರುತ್ತದೆ. ಇನ್ನೂ ಒಣಗಿದ ಲಿಂಡ್ ಊರಿನ ಸುತ್ತ ವರ್ಷದ ಮಳೆ ಸುಮಾರು 240 ಮಿ.ಮೀ.; ಅಲ್ಲಿ 1915ರಿಂದ ಒಣಬೇಸಾಯದ ಸಂಶೋಧನಾ ಕೇಂದ್ರ ನಡೆದಿದೆ. ಆ ಸೀಮೆಯ ರೈತರು ಒಂದು ವರ್ಷ ಹೊಲ ಪಾಳು ಬಿಟ್ಟು ಎರಡು ವರ್ಷದ ನೀರಿನಲ್ಲಿ ಒಂದು ಬೆಳೆ ತೆಗೆಯುತ್ತಾರೆ. ಪಾಳು ಬಿಟ್ಟ ಹೊಲದ ಮೇಲ್ಮಣ್ಣನ್ನು ಯಂತ್ರದಿಂದ ಪುಡಿ ಮಾಡಿ ದೂಳಿನ ಹೊದಿಕೆ ಹೊದಿಸುತ್ತಾರೆ. ಒಳಗಿನ ತೇವ ಮೇಲೆ ಹತ್ತಿ ಆರಿಹೋಗದಿರಲಿ ಎಂದು. ವಿಜಯಪುರದ ಕುಂಟೆ ಮಾಡುವುದು ಇದನ್ನೇ. ಒಬ್ಬರಿಂದೊಬ್ಬರು ಕಲಿಯದೆಯೇ ಎರಡು ನೆಲದ ರೈತರು ಒಂದೇ ಉಪಾಯಕ್ಕೆ ಬಂದು ನಿಂತಿದ್ದಾರೆ. ನೀರಿನ ತಂಗುದಾಣ ಮಣ್ಣು ಎಂದಾದಲ್ಲಿ ಬೇಸಾಯದ ಬುದ್ಧಿ ಹೀಗೆಯೇ ಹರಿಯುತ್ತದೆ.

ಮೂರನೆಯ ಪ್ರಶ್ನೆ ಹೊರಡುವ ಕಾಲದ್ದು. ಕೊಲಂಬಿಯಾ ನದಿ ಉಕ್ಕುವುದು ಹಿಮ ಕರಗುವ ಮೇ-ಜೂನಿನಲ್ಲಿ. ಕೃಷ್ಣೆ ಉಕ್ಕುವುದು ಮಳೆ ಹೊಡೆಯುವ ಜುಲೈ-ಆಗಸ್ಟಿನಲ್ಲಿ. ಆಕಾಶದಲ್ಲಿ ಆರು ತಿಂಗಳ ಅಂತರವಿದ್ದ ಎರಡು ನಾಡು ಹೊಳೆಯಲ್ಲಿ ಹತ್ತಿರ ಹತ್ತಿರ ಬರುತ್ತವೆ. ಒಂದರಲ್ಲಿ ನೀರು ತಂಗಿ ಬಂತು, ಇನ್ನೊಂದರಲ್ಲಿ ತಂಗದೆ ಬಂತು. ಮಳೆಮಾಪನವನ್ನು ಮಾತ್ರ ನೋಡಿದವರಿಗೆ ಇದು ಕಾಣದು.

ಆಕ್ಷೇಪ ಮತ್ತು ಸಮಾಧಾನ

ಒಂದನೆಯ ಆಕ್ಷೇಪ: ಅಕ್ಷಾಂಶದ ವಾದಕ್ಕೆ ಇನ್ನೂ ಉತ್ತರ ಬಂದಿಲ್ಲ. ಹಿಮ ಬೀಳುವುದೇ ಅಕ್ಷಾಂಶದಿಂದ. ಹಾಗಾದರೆ ಮೂಲಕಾರಣ ಅದೇ ಆಯಿತಲ್ಲ?

ಸಮಾಧಾನ: ಉಷ್ಣತೆಯ ಮಟ್ಟಿಗೆ ಈ ಮಾತನ್ನು ಒಪ್ಪಬೇಕು. ಆದರೆ ಆಗುಂಬೆಯೂ ಚಿತ್ರದುರ್ಗವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದವು. ಹೋ ಮಳೆಕಾಡೂ ಪೂರ್ವದ ಸ್ಪೋಕೇನ್ ನಗರವೂ ಹಾಗೆಯೇ. ಪ್ರತಿ ಜೋಡಿಯಲ್ಲೂ ಸೂರ್ಯ ಒಬ್ಬನೇ, ನೀರಿನ ಲೆಕ್ಕ ಬೇರೆ. ನಾಡಿನೊಳಗಿನ ಭೇದವನ್ನು ವಿವರಿಸಲಾರದ ಕಾರಣವನ್ನು ನಾಡುನಾಡಿನ ನಡುವಿನ ಭೇದಕ್ಕೆ ಏಕೈಕ ಕಾರಣವೆಂದು ಎತ್ತಿಹಿಡಿಯಲಾಗದು. ಅಕ್ಷಾಂಶ ಒಂದು ಅಂಗ. ಗಾಳಿ, ಗೋಡೆ, ಮಣ್ಣು ಉಳಿದ ಅಂಗಗಳು.

ಎರಡನೆಯ ಆಕ್ಷೇಪ: ಬೆಟ್ಟ, ನೆರಳು, ಬಸಾಲ್ಟ್‌ಗಳ ಈ ಸಾಮ್ಯ ಕಾಕತಾಳೀಯ. ಸಹ್ಯಾದ್ರಿ ಹುಟ್ಟಿದ್ದು ಖಂಡ ಸೀಳಿದಾಗ ಉಳಿದ ಅಂಚಿನಿಂದ. ಕ್ಯಾಸ್ಕೇಡ್ ಹುಟ್ಟಿದ್ದು ಹ್ವಾನ್ ಡಿ ಫ್ಯೂಕ ಎಂಬ ಕಡಲ ಫಲಕ ಖಂಡದಡಿ ಇಳಿಯುತ್ತಿರುವುದರಿಂದ; ಅದು ಇನ್ನೂ ಜೀವಂತ ಜ್ವಾಲಾಮುಖಿಗಳ ಸಾಲು, 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಸಿಡಿದು 57 ಜನ ಸತ್ತರು. ದಖ್ಖನ್ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ, ಕೊಲಂಬಿಯಾ ಲಾವಾದ ಬಹುಪಾಲಿಗೆ 1.6 ಕೋಟಿ ವರ್ಷದ ಆಸುಪಾಸು. ಹುಟ್ಟೇ ಬೇರೆಯಾದವನ್ನು ಹೋಲಿಸುವುದೇಕೆ?

ಸಮಾಧಾನ: ಹುಟ್ಟು ಬೇರೆ ಎಂಬುದು ನಿಜ, ಅದು ಮುಖ್ಯವೂ ಹೌದು. ಕೃಷ್ಣೆ ಅರಬ್ಬೀ ಸಮುದ್ರದಿಂದ 65 ಕಿ.ಮೀ. ದೂರದಲ್ಲಿ ಹುಟ್ಟಿಯೂ ಅತ್ತ ಹೋಗದೆ ಸುಮಾರು 1,400 ಕಿ.ಮೀ. ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಅಂಚು ಎತ್ತರ, ಒಳನಾಡು ಪೂರ್ವಕ್ಕೆ ಇಳಿಜಾರು. ಕೊಲಂಬಿಯಾ ಅದಕ್ಕೆ ವಿರುದ್ಧ: ಬೆಟ್ಟ ಏಳುವ ಮೊದಲೇ ಹರಿಯುತ್ತಿದ್ದ ನದಿ, ಬೆಟ್ಟ ಎದ್ದಂತೆ ಕೊರೆಯುತ್ತ ಹೋಗಿ ಗೋಡೆಯನ್ನೇ ಸೀಳಿ ಶಾಂತಸಾಗರ ಸೇರಿತು. ಆದರೆ ಗಾಳಿ ಗೋಡೆಯ ವಯಸ್ಸನ್ನು ಕೇಳುವುದಿಲ್ಲ, ಎತ್ತರವನ್ನೂ ದಿಕ್ಕನ್ನೂ ಕೇಳುತ್ತದೆ. ಜೋಳದ ಬೇರು ಕೇಳುವುದು ಮಣ್ಣಿನ ಆಳವನ್ನು. ಹುಟ್ಟಿನ ಭೇದ ನದಿಯ ದಿಕ್ಕಿನಲ್ಲಿ ಫಲಿಸಿತು, ಕೆಲಸದ ಸಾಮ್ಯ ಮಳೆ ನೆರಳಿನಲ್ಲಿ ಫಲಿಸಿತು. ಒಳ್ಳೆಯ ಹೋಲಿಕೆ ಎರಡಕ್ಕೂ ಅವುಗಳ ಜಾಗ ಕೊಡುತ್ತದೆ.

ಮೂರನೆಯ ಆಕ್ಷೇಪ: ಲಿಂಡ್‌ನಲ್ಲಿ 240 ಮಿ.ಮೀ.ಗೆ ಗೋಧಿ ಬೆಳೆಯುತ್ತದೆ, ವಿಜಯಪುರದಲ್ಲಿ ಅದರ ಎರಡು ಪಟ್ಟು ಮೀರಿದ ಮಳೆಯಾದರೂ ಬರ ಬರುತ್ತದೆ. ತಂಗುದಾಣ ಎರಡೂ ಕಡೆ ಮಣ್ಣೇ ಆದರೆ ಈ ವ್ಯತ್ಯಾಸ ಏಕೆ?

ಸಮಾಧಾನ: ಈ ಆಕ್ಷೇಪ ಸಿದ್ಧಾಂತವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ತಂಗುದಾಣದ ಗುಣ ಎಂದರೆ ಅದರ ಗಾತ್ರವಷ್ಟೇ ಅಲ್ಲ, ಸೋರಿಕೆಯೂ ಸೇರಿದೆ. ಡಿಸೆಂಬರಿನ ಮಂದ ಬಿಸಿಲಿನಲ್ಲಿ ಮೆಲ್ಲಗೆ ಬಿದ್ದ ನೀರು ಆವಿಯಾಗದೆ ಇಂಗುತ್ತದೆ. ಮುಂಗಾರಿನ ಕಾದ ನೆಲಕ್ಕೆ ಒಮ್ಮೆಲೇ ಅಪ್ಪಳಿಸಿದ ನೀರಿನ ಒಂದು ಪಾಲು ಹರಿದುಹೋಗುತ್ತದೆ, ಇನ್ನೊಂದು ಪಾಲು ಆರಿಹೋಗುತ್ತದೆ. ಬಿದ್ದದ್ದಕ್ಕೂ ತಂಗಿದ್ದಕ್ಕೂ ಇರುವ ಈ ಅಂತರವನ್ನು ಅಳೆಯದೆ ಮಿಲಿಮೀಟರ್‌ಗಳನ್ನು ಪಕ್ಕಪಕ್ಕ ಬರೆದರೆ ಹೋಲಿಕೆ ಆಗದು.

ನಾಲ್ಕನೆಯ ಆಕ್ಷೇಪ: 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6.11 ಕೋಟಿ, 2020ರಲ್ಲಿ ವಾಷಿಂಗ್ಟನ್ನಿನದು ಸುಮಾರು 77 ಲಕ್ಷ. ಅವರಿಗೆ ಗ್ರ್ಯಾಂಡ್ ಕೂಲಿಯಂಥ ಅಣೆಕಟ್ಟು ಕಟ್ಟಿ ನೀರನ್ನು 85 ಮೀಟರ್ ಮೇಲೆತ್ತಿ ಒಣಭೂಮಿಗೆ ಹರಿಸುವ ಶಕ್ತಿಯಿದೆ. ಭೂಗೋಳದ ಹೋಲಿಕೆ ಇಂಥ ಅಸಮಾನತೆಯನ್ನು ಮರೆಮಾಚುತ್ತದೆ.

ಸಮಾಧಾನ: ಅವರಂತೆ ಮಾಡೋಣ ಎಂಬುದು ಹೋಲಿಕೆಯ ಉದ್ದೇಶವಾಗಿದ್ದರೆ ಆಕ್ಷೇಪ ಗೆಲ್ಲುತ್ತಿತ್ತು. ಗ್ರ್ಯಾಂಡ್ ಕೂಲಿಗೆ ಮೀನು ಹತ್ತುವ ದಾರಿ ಇಡಲಿಲ್ಲ. 1942ರಲ್ಲಿ ಅದು ಮುಗಿಯುವ ಹೊತ್ತಿಗೆ ಕೊಲಂಬಿಯಾದ ಮೇಲ್ದಂಡೆಗೆ ಸಾಲ್ಮನ್ ಬರುವುದೇ ನಿಂತಿತ್ತು, ಆ ಮೀನನ್ನು ನೆಚ್ಚಿದ್ದ ಕೋಲ್‌ವಿಲ್ ಮೊದಲಾದ ಮೂಲನಿವಾಸಿಗಳ ಬದುಕು ಮುರಿಯಿತು. ಇಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬೀದಿಗಳು ಹೋದವು. ಮನುಷ್ಯ ಕಟ್ಟಿದ ಪ್ರತಿ ತಂಗುದಾಣಕ್ಕೂ ಯಾರೋ ಬೆಲೆ ತೆತ್ತಿದ್ದಾರೆ ಎಂಬುದೂ ಹೋಲಿಕೆಯಿಂದ ದಕ್ಕುವ ತಿಳಿವು. ಜನಸಂಖ್ಯೆ ಹೆಚ್ಚಿದಷ್ಟೂ ಆ ಬೆಲೆ ಏರುತ್ತದೆ. ಆದ್ದರಿಂದ ಇರುವ ಕೆರೆ, ಕಾಡು, ಮಣ್ಣನ್ನು ಉಳಿಸಿಕೊಳ್ಳುವುದು ನಮಗೆ ಅವರಿಗಿಂತ ಹೆಚ್ಚು ಅನಿವಾರ್ಯ.

ನಿರ್ಣಯ ಮತ್ತು ಪ್ರಯೋಜನ

ಸಿದ್ಧಾಂತಕ್ಕೆ ಈಚಿನ ಕಾಲವೇ ಸಾಕ್ಷಿ ಒದಗಿಸಿದೆ. 2014-15ರ ಚಳಿಗಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಮಳೆಯ ಮೊತ್ತ ವಾಡಿಕೆಯ ಆಸುಪಾಸಿನಲ್ಲೇ ಇತ್ತು. ಆದರೆ ಚಳಿ ಕಡಿಮೆಯಾಗಿ ಹಿಮವಾಗಬೇಕಾದದ್ದು ಮಳೆಯಾಗಿ ಹರಿದುಹೋಯಿತು. 2015ರ ಮೇ ತಿಂಗಳಲ್ಲಿ ರಾಜ್ಯವಿಡೀ ಬರ ಘೋಷಿಸಬೇಕಾಯಿತು. ನೀರು ಬಂದಿತ್ತು, ತಂಗಲಿಲ್ಲ. ಬೆಂಗಳೂರಿನಲ್ಲಿ 2022ರದು ದಾಖಲೆಯ ಮಳೆ, ಬಡಾವಣೆಗಳು ಮುಳುಗಿದವು. ನಡುವಿನ ಒಂದೇ ಮುಂಗಾರು ಕೈಕೊಟ್ಟದ್ದಕ್ಕೆ 2024ರ ಬೇಸಿಗೆಯಲ್ಲಿ ಅದೇ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕೆರೆಯಂಗಳ ಲೇಔಟ್ ಆದಲ್ಲಿ, ನೆಲ ಕಾಂಕ್ರೀಟಿನಡಿ ಮುಚ್ಚಿಹೋದಲ್ಲಿ ದಾಖಲೆ ಮಳೆಗೂ ತಂಗಲು ಜಾಗವಿಲ್ಲ.

ಎರಡೂ ನಾಡನ್ನು ಬೆಸೆಯುವ ಒಂದು ದಾರವೂ ಇದೆ. ಶಾಂತಸಾಗರದ ಸಮಭಾಜಕ ವಲಯ ಕಾಯುವ ಎಲ್ ನಿನೊ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವ ಸಂಭವ ಹೆಚ್ಚು, ಅವರ ಚಳಿಗಾಲ ಬೆಚ್ಚಗಾಗಿ ಹಿಮ ತೆಳುವಾಗುವ ಸಂಭವವೂ ಹೆಚ್ಚು. 2023ರ ಎಲ್ ನಿನೊ ವರ್ಷದಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. 2024ರ ಏಪ್ರಿಲಿನಲ್ಲಿ ಹಿಮದ ಕೊರತೆಯಿಂದ ವಾಷಿಂಗ್ಟನ್ನಿನ ಬಹುಭಾಗದಲ್ಲಿ ಬರ ಘೋಷಣೆಯಾಯಿತು. ಒಂದೇ ಕಡಲು ಕಾದದ್ದಕ್ಕೆ ಒಂದು ಕಡೆ ನೀರಿನ ಬರುವಿಕೆ ಕೆಟ್ಟಿತು, ಇನ್ನೊಂದು ಕಡೆ ತಂಗುವಿಕೆ ಕೆಟ್ಟಿತು.

ಭೂಮಿ ಕಾಯುತ್ತಿರುವ ಈ ಕಾಲದಲ್ಲಿ ಪುಕ್ಕಟೆ ತಂಗುದಾಣವಾದ ಹಿಮವನ್ನು ನೆಚ್ಚಿದ ನಾಡು ಅದನ್ನು ಕಳೆದುಕೊಳ್ಳುತ್ತಿದೆ. ಅಂಥದ್ದನ್ನು ಎಂದೂ ಪಡೆಯದೆ ಕೆರೆ ಕಟ್ಟಿ, ಒಡ್ಡು ಹಾಕಿ, ಎರೆ ಹರಗಿ ಬದುಕಿದ ನಾಡಿನ ವಿದ್ಯೆ ಮುಂದೆ ಅವರಿಗೂ ಬೇಕಾದೀತು. ಆ ವಿದ್ಯೆಯನ್ನು ನಾವೇ ಮರೆತರೆ ಅದು ಕ್ಷಮೆಯಿಲ್ಲದ ಮರೆವು. ಆದ್ದರಿಂದ ನಿರ್ಣಯ ಇಷ್ಟು: ಯಾವ ಎರಡು ಊರನ್ನು ಹೋಲಿಸಿದರೂ, ಶಾಲೆಯ ಪಠ್ಯದಲ್ಲಾಗಲಿ ಸರ್ಕಾರದ ವರದಿಯಲ್ಲಾಗಲಿ, ಬಿದ್ದ ಮಳೆಯ ಅಂಕಿಯ ಪಕ್ಕದಲ್ಲಿ ತಂಗಿದ ನೀರಿನ ಅಂಕಿಯನ್ನೂ ಬರೆಯಬೇಕು. ಹಿಮ ಎಷ್ಟು, ಮಣ್ಣಿನ ತೇವ ಎಷ್ಟು, ಕೆರೆಯ ಹೂಳು ಎಷ್ಟು, ಅಂತರ್ಜಲದ ಮಟ್ಟ ಎಷ್ಟು. ಮಳೆಯನ್ನು ತರಿಸುವುದು ಯಾವ ನಾಡಿನ ಕೈಯಲ್ಲೂ ಇಲ್ಲ. ಬಂದದ್ದಕ್ಕೆ ಠಾವು ಕೊಡುವುದು ಪ್ರತಿ ನಾಡಿನ ಕೈಯಲ್ಲೂ ಇದೆ, ಆ ನಾಡನ್ನು ಅಳೆಯಬೇಕಾದದ್ದೂ ಅದರಿಂದಲೇ.